ಮೂಗಿನವರೆಗೆ ಬಂದ ದೊಡ್ಡಪ್ಪ

ನಮ್ಮ ಮಾವನನ್ನು ಹುಚ್ಚ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಅರ್ಧ ಹುಚ್ಚ ಎನ್ನುವವರ ಮೇಲೆ ಮಾತ್ರ ಇದೆ. ಅವನು ಯಾವ ಕೆಲಸವನ್ನಾದರೂ ಅರ್ಧಕ್ಕೆ ಬಿಟ್ಟಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಹುಚ್ಚನ್ನೂ ಅವನು ಪೂರ್ತಿಯಾಗಿಯೇ ಮಾಡಿದ!

ಮಾವ ಎಂದರೆ ನನ್ನ ಅವ್ವನ ತಮ್ಮ, ಮೂವರು ಅಕ್ಕಂದಿರ ಬೆನ್ನಿಗೆ ಬಿದ್ದ ಒಬ್ಬನೇ ಗಂಡು. ಏಕವಚನದಲ್ಲಿ ಬರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಮನೆಯಲ್ಲಿ ಏನೋ ಮನಸ್ತಾಪ ಆಗಿದೆ ಎಂದೇ ಜನ ತಿಳಿಯುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಾವನದೊಂದು ಅಂಗಡಿ ಇತ್ತು. ಮುಂದೆ ಎಸ್‌ಟಿಡಿ ಬೂತು, ಹಿಂದೆ ನೀಲಿ ಪರದೆ ಹಾಕಿದ ಕೋಣೆಯಲ್ಲಿ ಒಂದು ಕಂಪ್ಯೂಟರು. ಪರದೆ ದಾಟಬೇಕಾದರೆ ಚಪ್ಪಲಿ ಬಿಡಬೇಕು. ಕೈಕಾಲು ತೊಳೆದು ಬಂದರೆ ಇನ್ನೂ ಒಳ್ಳೆಯದು ಎಂದು ಅವನ ಅಭಿಪ್ರಾಯ. ಆ ಕಂಪ್ಯೂಟರಿಗೆ ಇಂಟರ್ನೆಟ್ಟು ಎಂಬುದೊಂದು ಬಂದಿತ್ತು. ಬಂದಿತ್ತು ಎನ್ನುವುದಕ್ಕಿಂತ, ಟೆಲಿಫೋನು ತಂತಿ ಹಿಡಿದುಕೊಂಡು ತೆವಳಿಕೊಂಡು ಆಗಾಗ ಬಂದು ಹೋಗುತ್ತಿತ್ತು ಎನ್ನುವುದು ಸರಿ.

ಮಾವನ ಎಡಗೈಯಲ್ಲಿ ಎರಡು ವಾಚುಗಳಿದ್ದವು. ಬೂತಿಗೆ ಬಂದ ಯಾರಾದರೂ "ಟೈಮೆಷ್ಟಾಯ್ತಣ್ಣ?" ಎಂದು ಕೇಳಿದರೆ ಅವನು ಗಂಭೀರವಾಗಿ "ನಮ್ದಾ, ಸರ್ವರ್‌ದಾ?" ಎಂದು ತಿರುಗಿ ಕೇಳುತ್ತಿದ್ದ. ಸರ್ವರು ಎಂದರೆ ಹೋಟೆಲಿನಲ್ಲಿ ದೋಸೆ ತಂದುಕೊಡುವವನಲ್ಲ. ಅದು ಅಮೆರಿಕದ ಯಾವುದೋ ಊರಿನಲ್ಲಿದ್ದ ಒಂದು ದೊಡ್ಡ ಕಂಪ್ಯೂಟರು. ಅಲ್ಲಿಯ ಒಂದು ಕಂಪನಿ ಯಾರು ಕೇಳಿದರೂ ಅದರೊಳಗೆ ಬಿಟ್ಟಿ ಜಾಗ ಕೊಡುತ್ತಿತ್ತು. ಮಾವನೂ ಕೇಳಿ, ಒಂದು ಮೂಲೆ ಪಡೆದು, ಅದರಲ್ಲಿ ತನ್ನ ವೆಬ್‌ಸೈಟು ಇಟ್ಟಿದ್ದ.

ವೆಬ್‌ಸೈಟು ಯಾವುದರ ಬಗ್ಗೆ? ಬೆಲ್ಲದ ಬಗ್ಗೆ! ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಆಲೆಮನೆಗಳನ್ನು ಮೊಪೆಡ್ಡಿನಲ್ಲಿ ಸುತ್ತಿ, ಒಂದೊಂದರ ಫೋಟೋ ತೆಗೆಸಿ, ಮೈಸೂರಿನಲ್ಲಿ ಸ್ಕ್ಯಾನು ಮಾಡಿಸಿ, ಒಂದೊಂದು ಆಲೆಮನೆಗೆ ಒಂದೊಂದು ಪೇಜು ಮಾಡಿದ್ದ. ಆಗಿನ್ನೂ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಎಲ್ಲರ ಕೈಗೆ ಹತ್ತಿರಲಿಲ್ಲ. ಹಾಗಾಗಿ ಬರಹವೆಲ್ಲ ಇಂಗ್ಲಿಷ್ ಅಕ್ಷರ, ಕನ್ನಡ ಮಾತು. ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗುತ್ತಾ ಆಲೆಮನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. "ಮುಚ್ಚೋ ಮುಂಚೆ ಪ್ರಪಂಚ ಒಂದ್ಕಿತ ನೋಡ್ಬುಡ್ಲಿ" ಎಂದು ಮಾವ ಹೇಳುತ್ತಿದ್ದ. ಪ್ರಪಂಚ ನೋಡಿತೋ ಇಲ್ಲವೋ, ಆಲೆಮನೆಯವರಂತೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಬಂದು, ತಮ್ಮ ಮುಖ ತಾವು ನೋಡಿಕೊಂಡು ಹೋಗುತ್ತಿದ್ದರು.

ನೋಡಿಕೊಂಡು ಹೋಗುತ್ತಿದ್ದರು ಎಂದೆನಲ್ಲ, ಅದು ಅಷ್ಟು ಸಲೀಸಾಗಿರಲಿಲ್ಲ. ಫೋನು ಹಚ್ಚಿದ ಕೂಡಲೇ ಮೋಡೆಮ್ಮು ಎಂಬ ಪುಟ್ಟ ಪೆಟ್ಟಿಗೆ ಕೀ, ಕರ್ರ್, ಗೊರ್ರ್ ಎಂದು ಅರಚುತ್ತಿತ್ತು. ಮಾವ ಪಕ್ಕದಲ್ಲಿ ನಿಂತು ಏರಿಗೆ ಗಾಡಿ ಎಳೆಯುವ ಎತ್ತನ್ನು ಹುರಿದುಂಬಿಸುವಂತೆ "ಹೈ, ಹೈ, ಬಾ, ಬಾ" ಎನ್ನುತ್ತಿದ್ದ. ಅಷ್ಟಾದ ಮೇಲೆ ಪೇಜು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯಬೇಕು. ಆ ಹೊತ್ತಿಗೆ ಒಬ್ಬ ಮನುಷ್ಯ ಪಾಂಡವಪುರದಲ್ಲಿ ಬಸ್ಸು ಹತ್ತಿ, ಶ್ರೀರಂಗಪಟ್ಟಣದಲ್ಲಿ ಕಾವೇರಿ ಸ್ನಾನ ಮುಗಿಸಿ, ಬಟ್ಟೆ ಒಣಗಿಸಿಕೊಂಡು ವಾಪಸ್ಸು ಬರಬಹುದಿತ್ತು! ಕಾಯುವವರಿಗೆಂದು ಮಾವ ಒಂದು ಚೌಕಾಬಾರದ ಮಣೆ ಇಟ್ಟಿದ್ದ. ಅವನ ಅಂಗಡಿಯಲ್ಲಿ ಇಂಟರ್ನೆಟ್ಟು ಕಲಿತವರಿಗಿಂತ ಚೌಕಾಬಾರ ಕಲಿತವರೇ ಜಾಸ್ತಿ.

"ಯಾಕಣ್ಣ ಇಷ್ಟು ನಿಧಾನ?" ಎಂದು ಮಧ್ಯಾಹ್ನ ಬಂದವರು ಕೇಳಿದರೆ ಮಾವ ಎರಡನೆಯ ವಾಚು ನೋಡಿ, "ಅಲ್ಲೀಗ ನಡುರಾತ್ರಿ ಕಣಪ್ಪ. ಸರ್ವರು ತೂಕಡಿಸ್ತಾ ಅದೆ, ವಸಿ ತಡ್ಕೊ" ಎನ್ನುತ್ತಿದ್ದ. ಸಂಜೆ ಬಂದವರು ಕೇಳಿದರೆ, "ಅಲ್ಲೀಗ ಬೆಳಗಾಯ್ತು, ಎಲ್ರೂ ಆಫೀಸಿಗ್ ಬಂದವ್ರೆ, ನೂಕುನುಗ್ಗಲು" ಎನ್ನುತ್ತಿದ್ದ. ಹಾಗಾದರೆ ಬೇಗ ಬರುವ ಹೊತ್ತು ಯಾವುದು ಎಂದು ಕೇಳಿದವರಿಗೆ ಅವನು ಟೀ ತರಿಸಿಕೊಡುತ್ತಿದ್ದ.

ಇಷ್ಟೇ ಆಗಿದ್ದರೆ ಊರಿಗೊಬ್ಬರಂತೆ ಇವನೂ ಒಬ್ಬ ಎಂದು ಸುಮ್ಮನಿರಬಹುದಿತ್ತು. ಆದರೆ ಮಾವನ ನಿಜವಾದ ಹುಚ್ಚು ಬೇರೆ ಇತ್ತು. ಅದರ ಹೆಸರು ಬ್ಯಾಕಪ್ಪು. ಯಾವುದೇ ವಸ್ತು ಒಂದೇ ಇದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜೇಬಿನಲ್ಲಿ ಎರಡು ಪೆನ್ನು, ಅಂಗಡಿಯಲ್ಲಿ ಎರಡು ಕೊಡೆ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದು ಜೊತೆ ಬ್ಯಾಕಪ್ಪು ಚಪ್ಪಲಿ! ನಮ್ಮ ಮನೆಗೆ ಊಟಕ್ಕೆ ಬಂದರೆ ತಟ್ಟೆಯಲ್ಲಿದ್ದ ಮುದ್ದೆ ಮುರಿಯುವ ಮೊದಲೇ, "ನಡುವ್ಲಕ್ಕ, ಇನ್ನೊಂದ್ ಮುದ್ದೆ ಎತ್ತಿ ಮಡಗಿದ್ದೀಯ ತಾನೇ?" ಎಂದು ಅವ್ವನನ್ನು ವಿಚಾರಿಸುತ್ತಿದ್ದ.

ಈ ಅಭ್ಯಾಸವೇ ಅವನ ಮದುವೆಯನ್ನೂ ತಪ್ಪಿಸಿತು. ಮೇಲುಕೋಟೆ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟು ಕೊಟ್ಟು ಒಳಗೆ ಹೋದಳು. ಮಾವನಿಗೆ ಒಪ್ಪಿಗೆಯಾದಂತೆಯೇ ಕಾಣುತ್ತಿತ್ತು. ಹುಡುಗಿಯ ತಂದೆ "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದರು. ನಮ್ಮ ಮಾವ ಬಾಯಿ ತೆರೆದು ಕೇಳಿದ್ದು ಒಂದೇ ಮಾತು: "ಇವ್ರಿಗೆ ತಂಗಿ ಅವ್ರಾ?" ಉಪ್ಪಿಟ್ಟಿನ ತಟ್ಟೆ ನಮ್ಮ ಕೈಯಲ್ಲಿರುವಾಗಲೇ ನಾವು ಬೀದಿಯಲ್ಲಿದ್ದೆವು! ಬಸ್ಸಿನಲ್ಲಿ ಅವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಸುಮ್ನೆ ಇಚಾರಿಸ್ದೆ ಕಣಕ್ಕ" ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ಇದನ್ನೆಲ್ಲ ನಾವು ಹೇಳಿಕೊಂಡು ನಗುವಾಗ ಅವ್ವ ಒಮ್ಮೆ ನಮ್ಮನ್ನು ಗದರಿಸಿದ್ದುಂಟು. ಅಜ್ಜಿ ತೀರಿಕೊಂಡಾಗ ಮಾವನಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲವಂತೆ. ಅವನ ದೊಡ್ಡಕ್ಕ, ಎಂದರೆ ನನ್ನ ದೊಡ್ಡಮ್ಮ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮದುವೆಯಾಗಿ ಅಕ್ಕಿಹೆಬ್ಬಾಳಿಗೆ ಹೋದಾಗ ಗಂಡನ ಮನೆಗೆ ತಮ್ಮನನ್ನೂ ಕರೆದುಕೊಂಡೇ ಹೋದಳು. ದೊಡ್ಡಪ್ಪ ಒಂದು ಮಾತೂ ಎತ್ತಲಿಲ್ಲ. ಹೇಮಾವತಿಯಲ್ಲಿ ಅವನಿಗೆ ಈಜು ಕಲಿಸಿದವರು, ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಸೇರಿಸಿದವರು ದೊಡ್ಡಪ್ಪನೇ. "ಇದ್ದೊಬ್ಳು ಅವ್ವ ಓಗ್ಬುಟ್ಳಲ್ಲ, ಅದ್ಕೇ ಅವ್ನು ಎಲ್ಲಾನೂವೆ ಎಲ್ಡೆಲ್ಡು ಮಡಿಕತಾನೆ. ನಿಮ್ಗೇನ್ ಗೊತ್ತು, ನಗ್ತಾ ಕುಂತವ್ರೆ" ಎಂದು ಅವ್ವ ಹೇಳಿದ್ದು ನನಗೆ ಈಗಲೂ ನೆನಪಿದೆ. ಆಮೇಲೂ ನಾವು ನಕ್ಕೆವು, ಆದರೆ ಸ್ವಲ್ಪ ಮೆಲ್ಲಗೆ.

ಹೀಗಿರುವ ಮನುಷ್ಯ ತನ್ನ ವೆಬ್‌ಸೈಟನ್ನು ಅಮೆರಿಕದವರ ಕೈಯಲ್ಲಿ ಕೊಟ್ಟು ಸುಮ್ಮನಿರುತ್ತಾನೆಯೇ? ಅಂಗಡಿಯ ಕಂಪ್ಯೂಟರಿನಲ್ಲೊಂದು ಕಾಪಿ ಇತ್ತು. ಅದು ಸಾಲದೆಂದು ಮೂರು ಪ್ಲಾಪಿಗಳಿಗೆ ಇಳಿಸಿ, ಮೂವರು ಅಕ್ಕಂದಿರ ಮನೆಯಲ್ಲಿ ಒಂದೊಂದನ್ನು ಇಡುತ್ತಿದ್ದ. ಪ್ಲಾಪಿ ಎಂದರೆ ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ಕಿನ ಚೌಕ, ತುದಿಯಲ್ಲೊಂದು ತಗಡು. ಕಿರಂಗೂರಿನ ನಮ್ಮ ಮನೆಯಲ್ಲೊಂದು, ಅಕ್ಕಿಹೆಬ್ಬಾಳಿನ ದೊಡ್ಡಮ್ಮನ ಮನೆಯಲ್ಲೊಂದು, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಹತ್ತಿರದ ಚಿಕ್ಕಮ್ಮನ ಮನೆಯಲ್ಲೊಂದು. "ಒಂದೂರಿಗೆ ನೀರ್ ನುಗ್ಗುದ್ರೆ ಇನ್ನೊಂದೂರ್ನಾಗೆ ಇರ್ತದೆ" ಎಂಬುದು ಅವನ ಲೆಕ್ಕಾಚಾರ. ತಿಂಗಳಿಗೊಮ್ಮೆ ಮೊಪೆಡ್ಡು ಹತ್ತಿ ಮೂರೂ ಊರು ಸುತ್ತಿ, ಹಳೆಯ ಪ್ಲಾಪಿ ತೆಗೆದುಕೊಂಡು ಹೊಸದನ್ನು ಕೊಟ್ಟು, ಊಟ ಮಾಡಿ ಹೋಗುತ್ತಿದ್ದ. ಪ್ರತಿ ಸಲವೂ ಅದೇ ಪಾಠ: "ಬಿಸ್ಲು ತಾಗಿಸ್ಬೇಡಿ. ನೀರ್ ಮುಟ್ಟಿಸ್ಬೇಡಿ. ಕಬ್ಬಿಣದ್ ಬೀರುಗೆ ಆಯಸ್ಕಾಂತ ಇರ್ತದೆ, ಅದ್ರತ್ರ ಮಡಗ್ಬೇಡಿ." ಅಕ್ಕಂದಿರು ಮುದ್ದೆ ತಿರುವುತ್ತಾ "ಊಂ ಊಂ" ಎನ್ನುತ್ತಿದ್ದರು.

ಇನ್ನು ದೊಡ್ಡಪ್ಪನ ಮೂಗಿನ ವಿಷಯಕ್ಕೆ ಬರೋಣ.

ದೊಡ್ಡಪ್ಪನದು ಅಕ್ಕಿಹೆಬ್ಬಾಳಿನಲ್ಲಿ ದೊಡ್ಡ ಆಲೆಮನೆ, ಅದಕ್ಕಿಂತ ದೊಡ್ಡ ಮೀಸೆ. ಮಾವ ಎಲ್ಲರ ಪೇಜನ್ನೂ ಮಾಡಿ ಮುಗಿಸಿ, ಭಾವನ ಪೇಜನ್ನು ಮುತುವರ್ಜಿಯಿಂದ ಕೊನೆಗೆ ಇಟ್ಟುಕೊಂಡಿದ್ದ. ಆಲೆಮನೆಯ ಮುಂದೆ ಜರಿಪೇಟ ಸುತ್ತಿ ನಿಂತ ಭಾವನ ಫೋಟೋವನ್ನು ಕೆ.ಆರ್. ಪೇಟೆಯ ಸ್ಟುಡಿಯೋದವನನ್ನು ಕರೆಸಿ ತೆಗೆಸಿದ್ದಾಯಿತು. ಬೇರೆಯವರದೆಲ್ಲ ಅಂಚೆಚೀಟಿಯಷ್ಟು ಚಿತ್ರ. ಭಾವನದು ಮಾತ್ರ ಪರದೆ ತುಂಬ, ತಲೆಯಿಂದ ಕಾಲಿನವರೆಗೆ! ಅದನ್ನು ನೋಡಲು ಒಂದು ಭಾನುವಾರ ದೊಡ್ಡಪ್ಪ ಊರಿನ ಒಂದಷ್ಟು ಗಂಡಸರನ್ನು ಟೆಂಪೋದಲ್ಲಿ ತುಂಬಿಕೊಂಡು ಪಾಂಡವಪುರಕ್ಕೆ ಬಂದರು. ಆಲೆಮನೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ದೊಡ್ಡಮ್ಮ ಊರಿನಲ್ಲೇ ಉಳಿದಳು. ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ರಜೆಗೆ ಬಂದವಳು ಅವ್ವನ ಜೊತೆ ನಾನೂ ಅಲ್ಲಿದ್ದೆ.

ಎಲ್ಲರೂ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತರು. ಮೋಡೆಮ್ಮು ಅರಚಿತು. ಮೊದಲು ಆಕಾಶ ಬಂತು. ಆಕಾಶ ಬಹಳ ಹೊತ್ತು ಬಂತು. ಆಮೇಲೆ ಆಲೆಮನೆಯ ಹೊಗೆ, ಆಮೇಲೆ ಪೇಟದ ತುದಿ.

"ಪ್ಯಾಟ ಬಂತು ಕಣ್ರಲಾ!" ಎಂದು ಯಾರೋ ಕೂಗಿದರು. ಪೇಟ ಪೂರ್ತಿ ಬರುವ ಹೊತ್ತಿಗೆ ಒಂದು ಆಟ ಚೌಕಾಬಾರ ಮುಗಿದಿತ್ತು. ಹಣೆ ಬಂತು, ಕುಂಕುಮ ಬಂತು, ಹುಬ್ಬು, ಕಣ್ಣು. ದೊಡ್ಡಪ್ಪ ಎದೆ ಉಬ್ಬಿಸಿ ನಿಂತಿದ್ದರು. ಮೂಗಿನ ಅರ್ಧಕ್ಕೆ ಬಂದು ಚಿತ್ರ ನಿಂತುಬಿಟ್ಟಿತು. ಲೈನು ಕಟ್ಟಾಗಿತ್ತು. ಮಾವ ಮತ್ತೆ ಫೋನು ಹಚ್ಚಿದ. ಮತ್ತೆ ಆಕಾಶ, ಮತ್ತೆ ಹೊಗೆ, ಮತ್ತೆ ಪೇಟ, ಮತ್ತೆ ಮೂಗು, ಮತ್ತೆ ಕಟ್ಟು.

"ಮೀಸೆ ಎಲ್ಲಪ್ಪಾ?" ಎಂದು ಒಬ್ಬರು ಕೇಳಿದರು.

"ಇನ್ನೂವೆ ಸಮುದ್ರದ್ ಮ್ಯಾಲೆ ಅದೆ" ಎಂದು ಹಿಂದಿನಿಂದ ಇನ್ನೊಬ್ಬರು ಹೇಳಿದರು. "ಯಜಮಾನ್ರ ಮೀಸೆ ಅಲ್ವಾ, ಇಮಾನ್ದಾಗೆ ಇಡಿಸ್ನಿಲ್ಲ ಅಂತ ಕಾಣ್ತದೆ!"

ಕೋಣೆಯಲ್ಲಿ ನಗು ಹಬ್ಬಿತು. ದೊಡ್ಡಪ್ಪನ ಮುಖ ಕೆಂಪಾಯಿತು. ಆಗ ಮಾವ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಚಿತ್ರ ದೊಡ್ಡದಾದರೆ ಅದನ್ನು ತುಂಡುತುಂಡಾಗಿ ಕತ್ತರಿಸಿ ಹಾಕಬೇಕು, ಆಗ ಬೇಗ ಇಳಿಯುತ್ತದೆ ಎಂಬುದು ಅವನ ವೃತ್ತಿಯ ನಿಯಮ. ಭಾವನಿಗೆ ಸಮಾಧಾನ ಮಾಡಲೆಂದು ಅದನ್ನೇ ಹೇಳಿದ.

"ಬೇಜಾರ್ ಮಾಡ್ಕಬೇಡಿ ಭಾವ. ನಿಮ್ ಮೊಕ ವಸಿ ಭಾರ ಆಗ್ಬುಟ್ಟದೆ. ನಾಕ್ ತುಂಡ್ ಮಾಡಿ ಹಾಕ್ಬುಡ್ತೀನಿ, ಬಿರ್ರನೆ ಬತ್ತದೆ."

"ಏನಂದ್ಯಲಾ?" ದೊಡ್ಡಪ್ಪ ಸರಕ್ಕನೆ ತಿರುಗಿದ ರಭಸಕ್ಕೆ ಚೌಕಾಬಾರದ ಕಾಯಿಗಳು ಚೆಲ್ಲಾಪಿಲ್ಲಿಯಾದವು. "ನನ್ ಮೊಕನ ತುಂಡ್ ಮಾಡ್ತೀಯ? ನನ್ ಹೆಗಲ್ ಮ್ಯಾಲೆ ಕುಂತು ಬೆಳ್ದೋನು ನೀನು! ಕರ್ಸಿ, ನಾಲ್ಕ್ ಜನದ್ ಮುಂದೆ ನಗಾಡಿಸ್ತೀಯ? ಇನ್ನೊಂದ್ಕಿತ ನಮ್ಮನೆ ಹೊಸ್ಲು ತುಳ್ದೀಯ, ಉಷಾರು!"

ಟೆಂಪೋ ಹೊರಟುಹೋಯಿತು. ಮಾವನಿಗೂ ಸಿಟ್ಟು ಬರುತ್ತದೆ ಎಂದು ನಾನು ಕಂಡಿದ್ದು ಆವತ್ತೇ. ಕುರ್ಚಿಯಲ್ಲಿ ಕುಳಿತು, ಭಾವನ ಪೇಜನ್ನು ಸರ್ವರಿನಿಂದಲೂ ಅಳಿಸಿದ, ಅಂಗಡಿಯ ಕಂಪ್ಯೂಟರಿನಿಂದಲೂ ಅಳಿಸಿದ. ಎಂದೂ ಏನನ್ನೂ ಎಸೆಯದ ಮನುಷ್ಯ!

ಮುಂದಿನ ತಿಂಗಳು ಮೊಪೆಡ್ಡು ಕಿರಂಗೂರಿಗೆ ಬಂತು, ಚುಂಚನಗಿರಿ ಕಡೆಗೆ ಹೋಯಿತು, ಅಕ್ಕಿಹೆಬ್ಬಾಳಿಗೆ ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಗೌರಿ ಹಬ್ಬಕ್ಕೆ ದೊಡ್ಡಮ್ಮನಿಗೆ ತವರಿನ ಬಾಗಿನ ತಲುಪಲಿಲ್ಲ. ಅವ್ವ ಎರಡೂ ಕಡೆ ಹೇಳಿ ಹೇಳಿ ಸೋತಳು. "ಅವ್ರು ಕರೀಲಿ, ಓಯ್ತೀನಿ" ಎಂದು ಇವನು. "ಅವ್ನು ಬಂದು ತಪ್ಪಾಯ್ತು ಅನ್ಲಿ" ಎಂದು ದೊಡ್ಡಪ್ಪ. ಅಷ್ಟರಲ್ಲಿ ದೊಡ್ಡಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಇದ್ದ ಒಬ್ಬ ಸೋದರಮಾವನಿಗೇ ಲಗ್ನಪತ್ರಿಕೆ ಬಂದಿಲ್ಲ! "ಬ್ಯಾರೆ ಯಾರ್ನಾರ ನಿಲ್ಲಿಸ್ತಾರಂತೆ ಕಣಕ್ಕ" ಎಂದು ಮಾವ ಅವ್ವನ ಹತ್ತಿರ ನಗುತ್ತಾ ಹೇಳಿದ. ಬಂದ ನಗು ಬಾಯಿಯಿಂದ ಮೇಲಕ್ಕೆ ಹೋಗಲಿಲ್ಲ. ಆವತ್ತು ಅವನು ಎರಡನೇ ಮುದ್ದೆ ಇದೆಯೇ ಎಂದು ಕೇಳಲೂ ಇಲ್ಲ.

ಈ ಮಧ್ಯೆ ಸಿಡಿಲೊಂದು ಟೆಲಿಫೋನು ತಂತಿಯಲ್ಲೇ ಇಳಿದು ಬಂದು ಮೋಡೆಮ್ಮನ್ನೂ ಕಂಪ್ಯೂಟರಿನ ಹೊಟ್ಟೆಯನ್ನೂ ಅದರೊಳಗಿದ್ದ ಕಾಪಿಯನ್ನೂ ಸುಟ್ಟಿತು. ಮಾವ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಸರ್ವರಿನಲ್ಲಿ ಇದೆಯಲ್ಲ! ರಿಪೇರಿ ಮಾಡಿಸಿ, ಹೊಸ ಮೋಡೆಮ್ಮು ತಂದು, ನಮ್ಮೆದುರೇ ಫೋನು ಹಚ್ಚಿದ. ಪೇಜು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು!

"ನೋಡಮ್ಮಿ, ನೋಡು! ಎಂಗೆ ಬಂತು ನೋಡು!" ಎಂದು ಮಾವ ಕುಣಿದಾಡಿಬಿಟ್ಟ. ಟೀ ಹೇಳಿ ಕಳಿಸಿದ ಮೇಲೆ ನಾನು ಪರದೆಯ ಮೇಲಿದ್ದುದನ್ನು ಓದಿದೆ. ಅಂಥ ಪೇಜು ಇಲ್ಲಿ ಇಲ್ಲ ಎಂದು ಬರೆದಿತ್ತು. ಬಿಟ್ಟಿ ಜಾಗ ಕೊಡುತ್ತಿದ್ದ ಕಂಪನಿ ಅಂಗಡಿ ಮುಚ್ಚಿಕೊಂಡು ಹೋಗಿತ್ತು. ಏನೂ ಇಲ್ಲದ ಪೇಜು ನಿಧಾನವಾಗಿ ಯಾಕೆ ಬಂದೀತು?

ಮಾವ ಟೀ ಕುಡಿದ. "ಎದ್ರುಕಬೇಡ. ಇಂತಾ ದಿನಕ್ಕೇ ಅಲ್ವಾ ಬ್ಯಾಕಪ್ಪು?" ಎಂದು ನನಗೇ ಧೈರ್ಯ ಹೇಳಿದ.

ಮೊದಲು ನಮ್ಮ ಮನೆಯ ಪ್ಲಾಪಿ ತಂದೆವು. ಅದು ಹುರಿದ ಹಪ್ಪಳದಂತೆ ಸೊಟ್ಟಗಾಗಿತ್ತು. "ಮಳೆಗಾಲ ಮುಗೀತಲ್ಲ, ರೇಷ್ಮೆ ಸೀರೆ ಬಿಸ್ಲಿಗಾಕ್ದೆ. ಇದ್ಕೂ ಮುಗ್ಗಲು ವಾಸ್ನೆ ಬಂದೀತು ಅಂತ ಪಕ್ಕದಲ್ಲೇ ಹಾಕ್ದೆ ಕಣೋ" ಎಂದಳು ಅವ್ವ. ಬೆಲೆಬಾಳುವ ವಸ್ತುವನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕದೆ ಇರುವುದು ಅವಳಿಂದ ಸಾಧ್ಯವೇ?

ಚಿಕ್ಕಮ್ಮನ ಪ್ಲಾಪಿ ದೇವರ ಮನೆಯಲ್ಲಿತ್ತು. ಅದಕ್ಕೆ ವಿಭೂತಿ, ಅರಿಶಿನ, ಕುಂಕುಮ ಎಲ್ಲ ಆಗಿತ್ತು. "ನವರಾತ್ರಿಗೆ ದೇವ್ರ ಸಾಮಾನೆಲ್ಲ ತೊಳುದ್ನಲ್ಲ, ಇದ್ನೂ ಹುಣಸೇಹಣ್ಣಾಕಿ ತಿಕ್ದೆ. ತಗಡು ಎಂಗೆ ಪಳಪಳ ಅಂತದೆ ನೋಡ್ಲಾ!" ಎಂದು ಅವಳು ಹೆಮ್ಮೆಯಿಂದ ಎತ್ತಿ ತೋರಿಸಿದಳು. ನಿಜಕ್ಕೂ ಪಳಪಳ ಎನ್ನುತ್ತಿತ್ತು. ಒಳಗಿನಿಂದ ಎರಡು ಹನಿ ನೀರೂ ಬಿತ್ತು.

ಮಾವ ಚಿಕ್ಕಮ್ಮನ ಮನೆಯ ಜಗಲಿಯ ಮೇಲೆ ಕುಸಿದು ಕುಳಿತ. ನನಗೆ ಆವತ್ತು ಹೊಳೆದ ಮಾತೊಂದಿದೆ, ಆಮೇಲೂ ಅನೇಕ ಸಲ ನೆನಪಾಗಿದೆ. ಅವನು ತಿಂಗಳು ತಿಂಗಳೂ ಪ್ಲಾಪಿ ಬದಲಾಯಿಸಿದ, ಆದರೆ ವಾಪಸ್ಸು ತಂದದ್ದನ್ನು ಒಮ್ಮೆಯೂ ತೆರೆದು, ಓದುತ್ತದೆಯೇ ಎಂದು ನೋಡಿರಲಿಲ್ಲ. ಇದ್ದೇ ಇರುತ್ತದೆ ಎಂದುಕೊಂಡಿದ್ದ. ಮನುಷ್ಯರ ವಿಷಯದಲ್ಲೂ ನಾವು ಹೀಗೆಯೇ ಅಲ್ಲವೇ? ಅಕ್ಕ ಇದ್ದಾಳೆ, ತಮ್ಮ ಇದ್ದಾನೆ, ಎಲ್ಲಿಗೆ ಹೋಗುತ್ತಾರೆ ಎಂದುಕೊಂಡು ವರ್ಷಗಟ್ಟಲೆ ಮಾತಾಡಿಸದೆ ಇದ್ದುಬಿಡುತ್ತೇವೆ.

"ಇನ್ನೊಂದ್ ಅದೆಯಲ್ಲ ಮಾವ" ಎಂದೆ.

"ಅದ್ನ ಭಾವ ಆಲೆಮನೆ ಒಲೆಗಾಕಿರ್ತಾರೆ ಬುಡಮ್ಮಿ."

"ಹೋಗಿ ಕೇಳೋಣ."

ಅವನು ಎರಡೂ ವಾಚುಗಳನ್ನು ಒಂದಾದ ಮೇಲೊಂದು ನೋಡಿಕೊಂಡ. ಕೊನೆಗೆ ಎದ್ದ. ಮುಚ್ಚಿಹೋದ ಆಲೆಮನೆಗಳ ಫೋಟೋಗಳು ಇನ್ನು ಸಿಗುವುದಿಲ್ಲ ಎಂಬ ಸಂಕಟ ಅವನಿಗೆ ಇದ್ದದ್ದು ನಿಜ. ಆದರೆ ಬಸ್ಸಿನಲ್ಲಿ ಕೆ.ಆರ್. ಪೇಟೆ ದಾಟಿದ ಮೇಲೆ ಅವನು ಬಾಚಣಿಗೆ ತೆಗೆದು ತಲೆ ಬಾಚಿಕೊಂಡನಲ್ಲ, ಅದು ಆಲೆಮನೆಗಳಿಗಾಗಿ ಅಲ್ಲ.

ದೊಡ್ಡಪ್ಪ ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತಾ ಕುಳಿತಿದ್ದರು. ಮಾವ ಹೊಸಿಲಿನಿಂದ ದೂರದಲ್ಲಿ, ಅಂಗಳದ ನಡುವೆ ನಿಂತ. ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ನಿಮ್ ಮಾವ ಯಾಕ್ ಬಂದವ್ನೆ ಅಂತ ಕೇಳವ್ವ."

"ಬ್ಯಾಕಪ್ಪು ತಕಂಡೋಗಕ್ ಬಂದ್ನಿ ಅಂತ ಯೋಳಮ್ಮಿ" ಎಂದ ಮಾವ.

"ನಮ್ಮನೇಲಿ ಅದೆಲ್ಲ ಇಲ್ಲ ಅಂತ ಯೋಳವ್ವ."

ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೇಳುತ್ತಲೇ ಇದ್ದೆ. ಆವತ್ತು ಅಕ್ಕಿಹೆಬ್ಬಾಳಿನಲ್ಲಿ ನಾನೇ ಮೋಡೆಮ್ಮು!

ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಏನ್ಲಾ, ಇಷ್ಟು ಸಣ್ಣಾಗೋಗಿದೀಯ?" ಎಂದಳು. ಒಳಗೆ ಹೋದಳು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಅವಳು ರಾಗಿ ತುಂಬಿಡುವ ಮಣ್ಣಿನ ಗುಡಾಣದ ಮುಚ್ಚಳ ತೆಗೆದು, ತೋಳು ಪೂರ್ತಿ ಮುಳುಗುವವರೆಗೆ ಕೈ ಇಳಿಸಿ, ರಾಗಿಯ ಅಡಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಡಬ್ಬಿಯಲ್ಲಿ ಬಟ್ಟೆ, ಬಟ್ಟೆಯಲ್ಲಿ ಪ್ಲಾಪಿ.

"ಅದ್ನ ಒಲೆಗಾಕು ಅಂದಿದ್ನಲ್ಲ ನಾನು?" ಎಂದರು ದೊಡ್ಡಪ್ಪ.

"ನೀವಂದ್ರಿ. ನಾನಾಕ್ನಿಲ್ಲ." ಅವಳು ಅಂಗಳಕ್ಕೆ ಇಳಿದು ಮಾವನ ಎದುರು ನಿಂತಳು. "ಬಿಸ್ಲು ಬ್ಯಾಡ, ನೀರ್ ಬ್ಯಾಡ, ಕಬ್ಬಿಣದತ್ರ ಬ್ಯಾಡ ಅಂದಿದ್ದಲ್ವಾ ನೀನು? ರಾಗಿಗೂ ಅಂಗೇಯ. ಅದ್ಕೇ ಅದ್ರೊಳಿಕ್ಕೇ ಮಡಗ್ದೆ. ತಕೋ. ಆದ್ರೆ ನಾನೂ ಬತ್ತೀನಿ. ಇವ್ರ ಮೊಕ ಪೂರ್ತಿ ಬರೋದ ನಾನು ನೋಡ್ಬೇಕು."

ಮಾವ ಪ್ಲಾಪಿ ಇಸಿದುಕೊಂಡ. ಅದು ಜಗಳಕ್ಕೆ ಮೊದಲು ಕೊಟ್ಟಿದ್ದ ಕಾಪಿ. ಅದರಲ್ಲಿ ಭಾವನ ಪೇಜೂ ಇದೆ ಎಂದು ಅವನಿಗೆ ಆಗ ಹೊಳೆದಿರಬೇಕು. ಮುಖ ಹಾಗಿತ್ತು.

ಅವನು ಬೇರೊಂದು ಕಂಪನಿಯ ಸರ್ವರಿನಲ್ಲಿ ಜಾಗ ಹಿಡಿದು, ಎಲ್ಲವನ್ನೂ ಮತ್ತೆ ಏರಿಸಿ, ಅಕ್ಕನಿಗೆ ಹೇಳಿ ಕಳಿಸಿದ. ದೊಡ್ಡಮ್ಮ ಬಂದಳು. ಪಾಂಡವಪುರದಲ್ಲಿ ಬೇರೇನೋ ಕೆಲಸವಿದೆ ಎಂದು ದೊಡ್ಡಪ್ಪನೂ ಬಂದರು. ಆ ಕೆಲಸ ಯಾವುದೆಂದು ಇವತ್ತಿಗೂ ಗೊತ್ತಾಗಿಲ್ಲ. "ಪ್ಲಾಪಿಯಿಂದಲೇ ಒಂದು ಕ್ಷಣದಲ್ಲಿ ತೋರಿಸಬಹುದಲ್ಲ ಮಾವ?" ಎಂದು ನಾನು ಕಿವಿಯಲ್ಲಿ ಹೇಳಿದೆ. "ಅಲ್ಲಿಂದ ಬಂದ್ರೇನೇ ಅದು ವೆಬ್‌ಸೈಟು" ಎಂದ. ಹುಚ್ಚು ಅರ್ಧಕ್ಕೆ ನಿಲ್ಲುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ!

ಮೋಡೆಮ್ಮು ಅರಚಿತು. ಆಕಾಶ ಬಂತು, ಹೊಗೆ ಬಂತು, ಪೇಟ ಬಂತು. ಕಣ್ಣು ಬಂತು, ಮೂಗು ಬಂತು. ಮೂಗಿನ ಅರ್ಧದಲ್ಲಿ ಚಿತ್ರ ಒಂದಿಷ್ಟು ತಡೆಯಿತು. ಮಾವ "ಹೈ" ಎನ್ನುವುದನ್ನೂ ಮರೆತು ನಿಂತಿದ್ದ. ಆಮೇಲೆ ಮೀಸೆ ಬಂತು. ದೊಡ್ಡಪ್ಪನ ಕೈ ತಾನಾಗಿ ತಮ್ಮ ಮೀಸೆಯ ಮೇಲೆ ಹೋಯಿತು. ಅಂಗಿ, ಪಂಚೆ, ಪಕ್ಕದಲ್ಲಿ ಬೆಲ್ಲ ಕುದಿಯುವ ಕೊಪ್ಪರಿಗೆ. ನಾವೆಲ್ಲ ಮುಗಿಯಿತೆಂದುಕೊಂಡೆವು. ಮುಗಿದಿರಲಿಲ್ಲ. ತೀರ ಕೆಳಗೆ, ಎಡಮೂಲೆಯಲ್ಲಿ, ಒಂದು ತಲೆ ಮೂಡಿತು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಸೆರಗು ಸಿಕ್ಕಿಸಿಕೊಂಡು, ಅಚ್ಚುಗಳಿಂದ ಬೆಲ್ಲ ಬಿಡಿಸುತ್ತಿರುವ ಹೆಂಗಸು.

"ಅಯ್ಯೋ, ನಾನೂ ಇವ್ನಿ!" ಎಂದಳು ದೊಡ್ಡಮ್ಮ.

ಫೋಟೋ ತೆಗೆದಾಗ ಅದರಲ್ಲಿ ತಾನು ಬಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲಿತ್ತು. "ಏನ್ ಬರ್ದವ್ನೆ ಓದವ್ವ" ಎಂದಳು. ನಾನು ಓದಿದೆ: "ನಮ್ಮ ಅಕ್ಕ ಮಾಡಿದ ಬೆಲ್ಲ." ಮಾವ ಅಷ್ಟು ಹೊತ್ತಿಗೆ ಮೋಡೆಮ್ಮಿನ ವೈರು ಸರಿಮಾಡುವ ನೆಪದಲ್ಲಿ ಮೇಜಿನ ಕೆಳಗೆ ಹೋಗಿದ್ದ.

"ಆವತ್ತು ವಸಿ ಕುಂತಿದ್ರೆ ಆವತ್ತೇ ಕಾಣ್ತಿತ್ತು" ಎಂದರು ದೊಡ್ಡಪ್ಪ. ಅವರ ಬಾಯಿಯಿಂದ ಅದಕ್ಕಿಂತ ದೊಡ್ಡ ಮಾತು ಯಾರೂ ಕೇಳಿದವರಿಲ್ಲ.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮೇಜಿನ ಕೆಳಗೆ ಬಗ್ಗಿ ಕೈ ಚಾಚಿದಳು. "ಆ ಪ್ಲಾಪಿ ಕೊಡು ಇಲ್ಲಿ. ರಾಗಿಗಾಕಿ ಮಡಗ್ತೀನಿ. ಮುಂದಿನ್ ತಿಂಗ್ಳು ಬದಲಾಯಿಸಕ್ಕೆ ಬತ್ತೀಯಲ್ಲ, ವಸಿ ಮುಂಚೇನೇ ಬಾ. ಮದ್ವೆ ಅದೆ. ಹೆಣ್ಣ ಹಸೆಮಣೆಗೆ ಯಾರ್ ಕರ್ಕಬರೋರು, ನಿಮ್ಮಪ್ಪನಾ?"

ಮದುವೆಯಲ್ಲಿ ಮಾವ ಹೆಣ್ಣಿನ ಕೈಹಿಡಿದು ನಡೆದು ಬಂದ. ತಾಳಿಗೊಂದು ಬ್ಯಾಕಪ್ಪು ಇದೆಯೇ ಎಂದು ಪುರೋಹಿತರನ್ನು ಕೇಳಿದನಂತೆ, ಅದನ್ನು ಬಿಡಿ.

ಆ ವೆಬ್‌ಸೈಟು ಎಂದೋ ಹೋಯಿತು. ದೊಡ್ಡಪ್ಪನ ಆಲೆಮನೆಯೂ ಮುಚ್ಚಿತು. ಪ್ಲಾಪಿ ಓದುವ ಕಂಪ್ಯೂಟರು ಈಗ ಹುಡುಕಿದರೂ ಸಿಗುವುದಿಲ್ಲ. ಆದರೂ ಮಾವ ತಿಂಗಳಿಗೊಮ್ಮೆ ಅಂಗಿಯ ಜೇಬಿನಲ್ಲಿ ಒಂದು ಪ್ಲಾಪಿ ಇಟ್ಟುಕೊಂಡು ಅಕ್ಕಿಹೆಬ್ಬಾಳಿಗೆ ಹೋಗುತ್ತಾನೆ. ಗುಡಾಣದಲ್ಲಿದ್ದ ಹಳೆಯದನ್ನು ತೆಗೆದುಕೊಂಡು, ಹೊಸದೆಂದು ಹೇಳಿ ಇದನ್ನು ಕೊಟ್ಟು, ಊಟ ಮಾಡಿ ಬರುತ್ತಾನೆ. ಎರಡೇ ಪ್ಲಾಪಿಗಳು ಹೀಗೆ ಆ ಕಡೆ ಈ ಕಡೆ ಓಡಾಡುತ್ತಿವೆ. "ಅದ್ರಲ್ಲಿ ಏನೂ ಇಲ್ಲ ಅಂತ ಅಕ್ಕಂಗೆ ಯೋಳ್ಬೇಡ ಕಣಮ್ಮಿ, ನೊಂದ್ಕತಾಳೆ" ಎಂದು ಅವನು ನನಗೆ ಹೇಳಿದ್ದಾನೆ.

ಹೋದ ಸಲ ನಾನು ಹೋಗಿದ್ದಾಗ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ಅವಳಿಗೆ ಈಗ ಗುಡಾಣದೊಳಗೆ ತೋಳು ಇಳಿಸಲು ಆಗುವುದಿಲ್ಲ. ಡಬ್ಬಿಯನ್ನು ರಾಗಿಯ ಮೇಲೆಯೇ ಇಟ್ಟಿದ್ದಾಳೆ. "ಇದು ಈಗ ಯಾವ ಮಿಷಿನ್ನಾಗೂ ಓಡಕ್ಕಿಲ್ಲವಂತೆ, ಮೊಮ್ಮಗ ಯೋಳ್ದ" ಎಂದು ಮೆಲ್ಲಗೆ ಹೇಳಿದಳು. "ನಿಮ್ ಮಾವಂಗೆ ಮಾತ್ರ ಯೋಳ್ಬುಟ್ಟೀಯ, ಬರೋದ ನಿಲ್ಲಿಸ್ಬುಡ್ತಾನೆ."

ನಾನು ಇಬ್ಬರಿಗೂ ಹೇಳಿಲ್ಲ. ನೀವೂ ಹೇಳಬೇಡಿ.